ಹಳೆ ಹಾಯಿದೋಣಿಯ ಚುಕ್ಕಾಣಿ: ಕಾಸರಗೋಡಿನಿಂದ ದ್ವೀಪದ ಕಡೆಗೆ ಹೊರಡುವವರು ಯಾವುದನ್ನು ಆರಿಸಬೇಕು?

ಹಳೆ ಹಾಯಿದೋಣಿ ನೋಡಲು ಹೋದವರ ಕಣ್ಣು ಮೊದಲು ಬೀಳುವುದು ಇಂಜಿನ್ನಿನ ಮೇಲೆ. ಆಮೇಲೆ ಹಾಯಿ, ಆಮೇಲೆ ಒಳಗಿನ ಹಾಸಿಗೆ, ಒಲೆ, ಫ್ರಿಜ್ಜು. ಚುಕ್ಕಾಣಿಯ ಸರದಿ ಬರುವುದೇ ಇಲ್ಲ, ಯಾಕಂದರೆ ಅದು ನೀರಿನಡಿಯಲ್ಲಿದೆ. ಚಕ್ರ ತಿರುಗಿಸಿದೆವು, ದೋಣಿ ತಿರುಗಿತು, ಅಷ್ಟೇ ಅಲ್ವಾ ಅಂತ ಮುಂದೆ ಹೋಗುತ್ತಾರೆ. ಚಂದ್ರಗಿರಿ ಹೊಳೆಯಲ್ಲೋ ಕವ್ವಾಯಿ ಹಿನ್ನೀರಿನಲ್ಲೋ ಭಾನುವಾರ ಸುತ್ತಾಡುವುದಕ್ಕೆ ಅಷ್ಟು ಸಾಕು. ಲಕ್ಷದ್ವೀಪದ ಕಡೆಗೆ ಹೊರಡುವುದಾದರೆ ಸಾಲದು.

ಲೆಕ್ಕ ನೋಡಿ. ಕಾಸರಗೋಡಿನಿಂದ ಕಿಲ್ತಾನ್ ದ್ವೀಪಕ್ಕೆ ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಸುಮಾರು 130 ನಾಟಿಕಲ್ ಮೈಲಿ, ಹತ್ತಿರ ಹತ್ತಿರ 240 ಕಿಲೋಮೀಟರ್. 5 ನಾಟ್ ವೇಗ, ಅಂದರೆ ಗಂಟೆಗೆ 5 ನಾಟಿಕಲ್ ಮೈಲಿ, ಸಿಕ್ಕಿದರೂ 26 ಗಂಟೆ ಬೇಕು. ಒಂದು ಇಡೀ ರಾತ್ರಿ ಅದರೊಳಗೆ ಬರುತ್ತದೆ. ದಡ ಬಿಟ್ಟು ಸ್ವಲ್ಪ ದೂರ ಹೋದ ಮೇಲೆ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಇಂಜಿನ್ ಕೈಕೊಟ್ಟರೆ ಹಾಯಿ ಇದೆ, ಹಾಯಿ ಹರಿದರೆ ಇಂಜಿನ್ ಇದೆ. ಚುಕ್ಕಾಣಿ ಹೋದರೆ ಎರಡೂ ಇದ್ದು ಹೆಚ್ಚು ಪ್ರಯೋಜನವಿಲ್ಲ.

ಹಾಯಿದೋಣಿಯ ಚುಕ್ಕಾಣಿಯಲ್ಲಿ ಮುಖ್ಯವಾಗಿ ಮೂರು ಬಗೆ, ಒಂದೊಂದನ್ನೇ ಮುಂದೆ ನೋಡೋಣ. ಅವುಗಳಲ್ಲಿ ಯಾವುದು ಬಲವಾದದ್ದು ಅನ್ನುವ ವಾದ ಯುರೋಪಿನಲ್ಲೂ ಅಮೆರಿಕದಲ್ಲೂ ಇನ್ನೂ ಮುಗಿದಿಲ್ಲ. ನಮ್ಮ ಕರಾವಳಿಗೆ ಆ ವಾದ ಅಷ್ಟಾಗಿ ಹೊಂದುವುದಿಲ್ಲ ಅಂತ ನನ್ನ ಅನಿಸಿಕೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಈ ಚುಕ್ಕಾಣಿಯನ್ನು ನಾನು ಇಲ್ಲೇ ಬಿಚ್ಚಿ, ಒಳಗೆ ನೋಡಿ, ಮತ್ತೆ ಜೋಡಿಸಬಹುದಾ? ಹಾಯಿದೋಣಿಗಳನ್ನು ಕಟ್ಟಿ ನೋಡಿಕೊಳ್ಳುವ ಬಂದರು, ಅಂದರೆ ಮರೀನಾ, ಕೇರಳದಲ್ಲಿ ಅಂದರೆ ಕೊಚ್ಚಿಯ ಬೋಳ್ಗಾಟ್ಟಿ. ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ನಮಗಿರುವುದು ಮೀನುಗಾರಿಕೆ ಬಂದರು, ಹೊಳೆಬಾಯಿ ಮತ್ತು ಮರಳು. ಕೆಲವು ದೇಶಗಳಲ್ಲಿ ಇಳಿತದ ಹೊತ್ತಿಗೆ ದೋಣಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ನೀರು ಇಳಿದ ಮೇಲೆ ಅಡಿ ನೋಡುತ್ತಾರೆ. ಇಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಅಮಾವಾಸ್ಯೆ ಹುಣ್ಣಿಮೆಗೂ ಒಂದೂವರೆ ಮೀಟರ್ ಆಸುಪಾಸು. ಎರಡು ಮೀಟರ್ ಆಳ ಬೇಡುವ ದೋಣಿಗೆ ಆ ಉಪಾಯ ನಡೆಯುವುದಿಲ್ಲ.

ಬೆನ್ನಿಗೆ ತೂಗಿದ್ದು, ಸ್ಕೆಗ್ ಇರುವುದು, ಸ್ಪೇಡ್

ಮೊದಲನೆಯದು ದೋಣಿಯ ಹಿಂಬದಿ ಹಲಗೆಗೆ ಹೊರಗಿನಿಂದ ತೂಗುಹಾಕಿದ ಚುಕ್ಕಾಣಿ. ನಮ್ಮವರಿಗೆ ಇದು ಹೊಸತಲ್ಲ. ಮಂಗಳೂರು ಹಳೆ ಬಂದರಿನಿಂದ ದ್ವೀಪಗಳಿಗೆ ಸಾಮಾನು ಹೊತ್ತು ಹೋಗುವ ಮಂಜಿಗಳ ಹಳೆಯ ಪದ್ಧತಿಯೂ ಇದೇ. ಹಾಯಿದೋಣಿಗಳಲ್ಲಿ ಜೆ/24, ಕಾಂಟೆಸ್ಸಾ 26 ಈ ಬಗೆಯವು. ಪಿಂಟಲ್ ಅನ್ನುವ ಮೊಳೆಗಳು ಗಜನ್ ಅನ್ನುವ ಬಳೆಗಳೊಳಗೆ ಕೂತಿರುತ್ತವೆ. ಸಣ್ಣ ದೋಣಿಯಾದರೆ ಇಬ್ಬರು ಸೇರಿ ಅದನ್ನು ಎತ್ತಿ ತೆಗೆಯಬಹುದು, ಕ್ರೇನ್ ಬೇಡ. ದೋಣಿಯ ತಳದಲ್ಲಿ ತೂತಿಲ್ಲ, ಹಾಗಾಗಿ ಚುಕ್ಕಾಣಿ ಮುರಿದುಹೋದರೂ ನೀರು ಒಳಗೆ ಬರುವ ದಾರಿ ಇಲ್ಲ.

ನೋಡಬೇಕಾದದ್ದೂ ಕಣ್ಣೆದುರಿಗೇ ಇದೆ. ಮೊಳೆ ಸವೆದು ಒಂದು ಬದಿ ಚಪ್ಪಟೆಯಾಗಿದೆಯಾ? ಬಳೆಯನ್ನು ಹಿಡಿದಿರುವ ಬೋಲ್ಟುಗಳು ಒಳಗಡೆ ತುಕ್ಕಿನ ಕಣ್ಣೀರು ಇಳಿಸಿವೆಯಾ? ಬೋಲ್ಟಿನ ಸುತ್ತ ಹಿಂಬದಿ ಹಲಗೆ ಒತ್ತಿದರೆ ಮೆತ್ತಗಿದೆಯಾ? ಇನ್ನೊಂದು ಸಣ್ಣ ವಿಷಯ ಜಾಸ್ತಿ ಜನ ಮರೆಯುತ್ತಾರೆ. ಮೊಳೆ ಮೇಲಕ್ಕೆ ಜಾರದಂತೆ ಒಂದು ಪಿನ್ನೋ ಅಡ್ಡಕಟ್ಟೋ ಇರಲೇಬೇಕು. ಮರದ ಚುಕ್ಕಾಣಿ ತೇಲುತ್ತದೆ. ಹಿಂದಿನಿಂದ ಬಂದ ದೊಡ್ಡ ಅಲೆ ಅದನ್ನು ಬಳೆಯಿಂದ ಎತ್ತಿ ತೆಗೆದುಬಿಡಬಹುದು.

ಕೊರತೆ ಇಲ್ಲ ಅಂತಲ್ಲ. ದೋಣಿ ಜೋರಾಗಿ ವಾಲಿದಾಗ ಈ ಚುಕ್ಕಾಣಿ ಮೇಲಿನಿಂದ ಗಾಳಿಯನ್ನು ಎಳೆದುಕೊಂಡು ಹಿಡಿತ ಬಿಡುತ್ತದೆ. ಬಂದರಿನಲ್ಲಿ ಪಕ್ಕದ ಬೋಟು ಹಿಂದೆ ಬಂದರೆ ಮೊದಲ ಪೆಟ್ಟು ಇದಕ್ಕೇ.

ಎರಡನೆಯದು ಸ್ಕೆಗ್ ಚುಕ್ಕಾಣಿ. ದೋಣಿಯ ತಳದ ನಡುವೆ ಇಳಿದಿರುವ ಭಾರದ ರೆಕ್ಕೆಗೆ ಕೀಲ್ ಅನ್ನುತ್ತಾರೆ. ಕೀಲ್‌ನ ಹಿಂದೆ, ದೋಣಿಯ ತಳದಿಂದ ಕೆಳಗಿಳಿದ ಇನ್ನೊಂದು ಗಟ್ಟಿ ರೆಕ್ಕೆ ಸ್ಕೆಗ್, ಅದರ ಹಿಂದೆ ಚುಕ್ಕಾಣಿ. ಪೂರ್ತಿ ಸ್ಕೆಗ್ ಆದರೆ ಅಡಿಯಲ್ಲಿ ಕಂಚಿನ ಹಿಮ್ಮಡಿ ಇರುತ್ತದೆ, ಚುಕ್ಕಾಣಿಯ ಕೆಳತುದಿ ಅದರ ಮೇಲೆ ಕೂರುತ್ತದೆ. ಕಾಂಟೆಸ್ಸಾ 32 ಇದಕ್ಕೆ ಹೆಸರಾದ ದೋಣಿ. ಇದರ ಅಣ್ಣ ಅನ್ನಬಹುದಾದದ್ದು ಉದ್ದ ಕೀಲ್‌ಗೇ ತಾಗಿಸಿದ ಚುಕ್ಕಾಣಿ. ಒಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ರೇಸಿನ ನಿಯಮವೇ ಅಂಥ ದೋಣಿ ಬೇಕು ಅನ್ನುತ್ತದೆ. 2022ರಲ್ಲಿ ಹೊರಟ ರೇಸಿನಲ್ಲಿ ಅಭಿಲಾಷ್ ಟೋಮಿ ಒಬ್ಬರೇ ಭೂಮಿ ಸುತ್ತಿ 2023ರಲ್ಲಿ ಎರಡನೆಯವರಾಗಿ ದಡ ಸೇರಿದ ರಸ್ಲರ್ 36 ಈ ಜಾತಿಯದ್ದು.

ನಮ್ಮ ಕಡಲಿಗೆ ಈ ಬಗೆ ಚೆನ್ನಾಗಿ ಹೊಂದುತ್ತದೆ, ಯಾಕಂದರೆ ಬಲೆ. ರಾತ್ರಿ ಕಡಲಲ್ಲಿ ಕಿಲೋಮೀಟರ್ ಉದ್ದದ ಬೀಡುಬಲೆ, ತೇಲುವ ಹಗ್ಗ, ದೀಪವಿಲ್ಲದ ಬೋಯಾ ಎಲ್ಲ ಇರುತ್ತವೆ. ಪೂರ್ತಿ ಸ್ಕೆಗ್ ಇದ್ದರೆ ಹಗ್ಗ ಕೆಳಗೆ ಜಾರಿ ಹೋಗುವ ಸಾಧ್ಯತೆ ಜಾಸ್ತಿ. ಮಳೆಗಾಲ ಮುಗಿದ ಮೇಲೆ ಹೊಳೆಗಳು ತಂದು ಹಾಕಿದ ತೆಂಗಿನ ಮರಗಳೂ ಅರ್ಧ ಮುಳುಗಿ ತೇಲುತ್ತಿರುತ್ತವೆ. 2025ರ ಮೇ ತಿಂಗಳಲ್ಲಿ ಕೊಚ್ಚಿಯ ಹೊರಗಡಲಲ್ಲಿ 600ಕ್ಕೂ ಹೆಚ್ಚು ಕಂಟೇನರ್ ಹೊತ್ತ ಎಂಎಸ್‌ಸಿ ಎಲ್ಸಾ 3 ಮುಳುಗಿತು. ಮರುತಿಂಗಳು ಕಣ್ಣೂರಿನ ಹೊರಗಡಲಲ್ಲಿ ವಾನ್ ಹೈ 503 ಹಡಗಿಗೆ ಬೆಂಕಿ ಬಿದ್ದು ಕಂಟೇನರುಗಳು ನೀರಿಗೆ ಬಿದ್ದವು. ಕಡಲಲ್ಲಿ ಏನು ತೇಲುತ್ತಿದೆ ಅಂತ ಹೇಳಲು ಬರುವುದಿಲ್ಲ.

ಆದರೆ ಸ್ಕೆಗ್ ಅಂದ ಕೂಡಲೇ ನೆಮ್ಮದಿಯಿಂದ ಕೂರಬೇಡಿ. ಹಲವು ದೋಣಿಗಳಲ್ಲಿ ಸ್ಕೆಗ್ ಒಳಗೆ ಟೊಳ್ಳು. ಕೆಲವದರಲ್ಲಿ ಬೋಲ್ಟು ಹಾಕಿ ಕೂರಿಸಿದ್ದು. ಕೆಳತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಅಡ್ಡಕ್ಕೆ ತಳ್ಳಿ, ಸ್ಕೆಗ್ ದೋಣಿಗೆ ಸೇರುವ ಮೂಲೆಯನ್ನು ನೋಡಿ. ಅಲ್ಲಿ ಕೂದಲೆಳೆಯಂಥ ಗೆರೆ ತೆರೆದು ಮುಚ್ಚುತ್ತಿದ್ದರೆ ಬೆಲೆ ಮಾತಾಡುವುದನ್ನು ನಿಲ್ಲಿಸಿ. ಹಿಮ್ಮಡಿಯ ಸ್ಕ್ರೂಗಳನ್ನು ಉಜ್ಜಿ ನೋಡಿ. ಹಳದಿಯ ಬದಲು ಗುಲಾಬಿ ಬಣ್ಣ ಕಂಡರೆ ಅದು ಕಂಚಲ್ಲ, ಹಿತ್ತಾಳೆ. ಅದರ ಸತುವನ್ನು ಉಪ್ಪುನೀರು ತಿಂದಾಗಿದೆ. ಉಗುರಲ್ಲಿ ಕೆರೆದರೂ ಪುಡಿ ಬರುವ ಸ್ಕ್ರೂ ಚುಕ್ಕಾಣಿಯನ್ನು ಹಿಡಿದು ನಿಲ್ಲಿಸುವುದಿಲ್ಲ.

ಮೂರನೆಯದು ಸ್ಪೇಡ್. ಹಿಂದೆ ಮುಂದೆ ಆಧಾರವೇ ಇಲ್ಲದೆ ಒಂದೇ ಶಾಫ್ಟಿಗೆ ನೇತಾಡುವ ಚುಕ್ಕಾಣಿ. ಈಗಿನ ಬೆನೆಟೋ, ಜೀನೋ ಕಂಪೆನಿಗಳ ಕ್ರೂಸಿಂಗ್ ದೋಣಿಗಳಲ್ಲಿ ಬಹುಪಾಲು ಇದೇ. ಓಡಿಸಲು ಸುಖ. ಬೆರಳಲ್ಲಿ ತಿರುಗುತ್ತದೆ, ರಿವರ್ಸ್‌ನಲ್ಲೂ ಮಾತು ಕೇಳುತ್ತದೆ. ಆದರೆ ಹೊರೆಯೆಲ್ಲ ಬೀಳುವುದು ಶಾಫ್ಟು ತಳದಿಂದ ಹೊರಬರುವ ಒಂದೇ ಜಾಗದ ಮೇಲೆ. ಚುಕ್ಕಾಣಿಯ ಮೇಲಿನ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 5 ನಾಟ್‌ನಲ್ಲಿ ಇದ್ದದ್ದು 7 ನಾಟ್‌ಗೆ ಹೋಗುವಷ್ಟರಲ್ಲಿ ಹತ್ತಿರ ಹತ್ತಿರ ಎರಡು ಪಟ್ಟು. ಸ್ಪೇನ್, ಪೋರ್ಚುಗಲ್ ಕರಾವಳಿಯಲ್ಲಿ 2020ರಿಂದ ಓರ್ಕಾ ತಿಮಿಂಗಿಲಗಳು ಹಾಯಿದೋಣಿಗಳ ಚುಕ್ಕಾಣಿಯನ್ನು ಗುದ್ದಿ ಮುರಿಯುವ ಸುದ್ದಿಯನ್ನು ನೀವೂ ಓದಿರಬಹುದು. ನಮ್ಮಲ್ಲಿ ಆ ಕಾಟ ಇಲ್ಲ. ನಮ್ಮ ಕಾಟ ಅಳಿವೆ ಬಾಗಿಲು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚಂದ್ರಗಿರಿಯಾಗಲಿ ಶಿರಿಯವಾಗಲಿ, ಹೊಳೆ ಕಡಲು ಸೇರುವಲ್ಲಿ ಮರಳದಿಣ್ಣೆ ಜಾಗ ಬದಲಿಸುತ್ತಲೇ ಇರುತ್ತದೆ. ಹೋದ ವರ್ಷದ ದಾರಿ ಈ ವರ್ಷ ಇರುವುದಿಲ್ಲ. ಅಲೆಯ ಇಳಿಜಾರಿನಲ್ಲಿ ದೋಣಿಯ ಹಿಂಭಾಗ ಕುಸಿದಾಗ ಚುಕ್ಕಾಣಿಯ ತುದಿ ಮರಳಿಗೆ ಬಡಿಯುತ್ತದೆ. ಒಂದೆರಡು ಪೆಟ್ಟಿಗೆ ಏನೂ ಆಗದಂತೆ ಕಾಣುತ್ತದೆ. ಒಳಗೆ ಶಾಫ್ಟು ಕೂದಲಷ್ಟು ಬಾಗಿರುತ್ತದೆ, ಕೆಳಗಿನ ಬೇರಿಂಗಿನ ಸುತ್ತ ಫೈಬರ್ ಬಿರುಕು ಬಿಟ್ಟಿರುತ್ತದೆ. ಆದ್ದರಿಂದ ಮಾರುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ 'ಎಷ್ಟು ದೂರ ಹೋಗಿದ್ದೀರಿ' ಅಂತಲ್ಲ, 'ಯಾವ ಅಳಿವೆಯಲ್ಲಿ ಇಟ್ಟಿದ್ದಿರಿ' ಅಂತ. ಹೊರಗಡಲಲ್ಲಿ ಓಡಿದ ದೋಣಿಗಿಂತ ಅಳಿವೆಯಲ್ಲಿ ದಿನಾ ಒಳಗೆ ಹೊರಗೆ ಹೋದ ದೋಣಿಯ ಸ್ಪೇಡ್ ಹೆಚ್ಚು ಪೆಟ್ಟು ತಿಂದಿರುತ್ತದೆ.

ಅಗಲ ಹಿಂಭಾಗದ ಹೊಸ ದೋಣಿಗಳ ಜೋಡಿ ಚುಕ್ಕಾಣಿಯ ಮಾತು ಇಲ್ಲಿ ಬೇಡ. ನಮ್ಮ ಬಜೆಟ್ಟಿನ ಹಳೆ ದೋಣಿಗಳಲ್ಲಿ ಅದು ಸಿಗುವುದು ಅಪರೂಪ.

ಹಲಗೆಯ ಒಳಗೆ

ಚುಕ್ಕಾಣಿಯ ಹಲಗೆ ಅಂದರೆ ನೀರಲ್ಲಿರುವ ಅದರ ಅಗಲವಾದ ಭಾಗ. ಫೈಬರ್ ಚುಕ್ಕಾಣಿ ಹೊರಗೆ ನೋಡಲು ಒಂದೇ ತುಂಡು. ಒಳಗೆ ಶಾಫ್ಟು ಇಳಿದಿರುತ್ತದೆ. ಶಾಫ್ಟಿಗೆ ಅಡ್ಡಪಟ್ಟಿಗಳನ್ನು ವೆಲ್ಡ್ ಮಾಡಿರುತ್ತಾರೆ. ಸುತ್ತ ಫೋಮ್ ತುಂಬಿ, ಎರಡು ಫೈಬರ್ ಚಿಪ್ಪುಗಳನ್ನು ಎರಡು ಕಡೆಯಿಂದ ಅಂಟಿಸಿರುತ್ತಾರೆ. ಶಾಫ್ಟು ಹಲಗೆಯೊಳಗೆ ಇಳಿಯುವ ಮೇಲ್ಭಾಗದಲ್ಲಿ ಸ್ಟೀಲು ಮತ್ತು ಫೈಬರ್ ಬಿಸಿಲಿಗೆ ಬೇರೆ ಬೇರೆ ಅಳತೆಯಲ್ಲಿ ಹಿಗ್ಗುತ್ತವೆ. ಅಂಟು ಬಿಡುತ್ತದೆ, ನೀರು ಇಳಿಯುತ್ತದೆ. ಹತ್ತಿಪ್ಪತ್ತು ವರ್ಷದ ಚುಕ್ಕಾಣಿಯಲ್ಲಿ ನೀರು ಇಲ್ಲದಿದ್ದರೆ ಅದೇ ಆಶ್ಚರ್ಯ.

ನೀರು ಇದ್ದ ಮಾತ್ರಕ್ಕೆ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಆ ನೀರು ಒಳಗಿನ ಸ್ಟೀಲಿಗೆ ಏನು ಮಾಡಿದೆ ಅನ್ನುವುದಕ್ಕೆ. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯದಿರುವುದು ಗಾಳಿಯ ಆಮ್ಲಜನಕ ಅದರ ಮೇಲೆ ತೆಳ್ಳನೆಯ ಪೊರೆ ಕಟ್ಟುವುದರಿಂದ. ನಿಂತ ಉಪ್ಪುನೀರಿನಲ್ಲಿ, ಆಮ್ಲಜನಕ ಸಿಗದ ಸಂದಿಯಲ್ಲಿ ಆ ಪೊರೆ ಹೋಗುತ್ತದೆ. ಆಗ ಸಣ್ಣ ಸಣ್ಣ ಗುಂಡಿ ಬೀಳುತ್ತದೆ, ವೆಲ್ಡಿನ ಬದಿಯಲ್ಲಿ ಬಿರುಕು ಬಿಡುತ್ತದೆ. ಹೊರಗಿನಿಂದ ಶಾಫ್ಟು ಕನ್ನಡಿಯಂತೆ ಹೊಳೆಯುತ್ತಿರುತ್ತದೆ.

ಒಳಗಿನ ವೆಲ್ಡ್ ಗಟ್ಟಿಯಾಗಿದೆಯಾ ಅಂತ ತಿಳಿಯಲು ಇಬ್ಬರು ಸಾಕು. ದೋಣಿ ದಡದಲ್ಲಿರಬೇಕು. ಒಬ್ಬರು ಮೇಲೆ ಶಾಫ್ಟಿನ ತಲೆಗೆ ತುರ್ತು ಹಿಡಿಕೋಲು (ಚಕ್ರ ಕೆಟ್ಟಾಗ ಚುಕ್ಕಾಣಿ ತಿರುಗಿಸುವ ಕೋಲು) ಹಾಕಿ, ಅದನ್ನು ದೋಣಿಯ ನಡುಗೆರೆಯಲ್ಲಿ ಅಲ್ಲಾಡದಂತೆ ಬಿಗಿದು ಕಟ್ಟಲಿ. ಚಕ್ರ ಹಿಡಿದು ನಿಂತರೆ ಆಗುವುದಿಲ್ಲ, ಚಕ್ರದಿಂದ ಚುಕ್ಕಾಣಿಗೆ ಹೋಗುವ ಕೇಬಲ್ಲಿನ ಸಡಿಲ ಸೇರಿಕೊಂಡು ಮೋಸ ಮಾಡುತ್ತದೆ. ಇನ್ನೊಬ್ಬರು ಕೆಳಗೆ ನಿಂತು ಹಲಗೆಯ ಹಿಂದಿನ ಅಂಚನ್ನು ಎಡಕ್ಕೂ ಬಲಕ್ಕೂ ತಳ್ಳಲಿ. ಶಾಫ್ಟು ನಿಂತಿದ್ದು ಹಲಗೆ ಮಾತ್ರ ಅಲ್ಲಾಡಿದರೆ ಒಳಗಿನ ಪಟ್ಟಿಗಳು ಕಳಚಿವೆ. ಅಂಥ ಚುಕ್ಕಾಣಿಗೆ ಮೇಲಿನಿಂದ ಫೈಬರ್ ತೇಪೆ ಹಾಕುವುದು ಸುಮ್ನೆ ದುಡ್ಡು ದಂಡ.

ಆಮೇಲೆ ಹಲಗೆಯ ತುದಿ ಹಿಡಿದು ಅಡ್ಡಕ್ಕೆ, ಹಿಂದೆ ಮುಂದೆ ಆಡಿಸಿ ಬೇರಿಂಗ್ ನೋಡಿ. ಇಲ್ಲಿ ಕೆಲವರು ಬೇಗ ಗಾಬರಿಯಾಗುತ್ತಾರೆ. ಎರಡು ಬೇರಿಂಗುಗಳ ನಡುವೆ ಅರ್ಧ ಮೀಟರ್ ಅಂತರ, ಹಲಗೆ 1.2 ಮೀಟರ್ ಉದ್ದ ಅಂತ ಇಟ್ಟುಕೊಳ್ಳಿ. ಬೇರಿಂಗುಗಳಲ್ಲಿ ಒಂದೊಂದೇ ಮಿಲಿಮೀಟರ್ ಸಡಿಲವಿದ್ದರೂ ತುದಿಯಲ್ಲಿ ಅದು ಸುಮಾರು 6 ಮಿಲಿಮೀಟರ್ ಆಗಿ ಕಾಣುತ್ತದೆ. ಅಷ್ಟಕ್ಕೆ ದೋಣಿ ಬೇಡ ಅನ್ನಬೇಡಿ. ಬುಶ್, ಅಂದರೆ ಬೇರಿಂಗಿನ ಒಳಬಳೆ, ಬದಲಿಸಿದರೆ ಸರಿಹೋಗುತ್ತದೆ. ಸ್ಥಳೀಯ ಲೇತ್ ಅಂಗಡಿಯಲ್ಲೇ ಬುಶ್ ತಿರುಗಿಸಿಕೊಡುತ್ತಾರೆ. ಆದರೆ ನೈಲಾನ್ ಬೇಡ, ಅದು ನೀರು ಕುಡಿದು ಉಬ್ಬಿ ಶಾಫ್ಟನ್ನು ಕಚ್ಚಿಕೊಳ್ಳುತ್ತದೆ. ಡೆಲ್ರಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕನ್ನು ಕೇಳಿ ಪಡೆಯಿರಿ. ಅಲ್ಲಾಡುವುದಕ್ಕಿಂತ ಕೆಟ್ಟದ್ದು ಬಿಗಿತ. ಒಂದು ಕೋನದಲ್ಲಿ ಸಲೀಸು, ಇನ್ನೊಂದು ಕೋನದಲ್ಲಿ ಗಟ್ಟಿ ಅನಿಸಿದರೆ ಶಾಫ್ಟು ಬಾಗಿದೆ ಅಂತ ತಿಳಿಯಬೇಕು.

ಹಲಗೆಯನ್ನು ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ಬಡಿಯುವುದು, ಹಲಸಿನ ಹಣ್ಣನ್ನು ಬಡಿದು ನೋಡಿದ ಹಾಗೆ, ಕಿವಿಯ ಕೆಲಸ. ಗಟ್ಟಿ ಜಾಗ ಟಕ್ ಅನ್ನುತ್ತದೆ, ಅಂಟು ಬಿಟ್ಟ ಜಾಗ ಮಂಕಾಗಿ ಸದ್ದು ಮಾಡುತ್ತದೆ. ತೇವ ಅಳೆಯುವ ಮೀಟರನ್ನು ನಾನು ಅಷ್ಟು ನಂಬುವುದಿಲ್ಲ. ತಾಮ್ರ ಬೆರೆಸಿದ ಅಡಿಬಣ್ಣ ಬಳಿದಿದ್ದರೆ ಅದು ಸುಳ್ಳು ಹೇಳುತ್ತದೆ. ಮಾಲೀಕರು ಒಪ್ಪಿದರೆ ಎಲ್ಲಕ್ಕಿಂತ ಒಳ್ಳೆಯದು ಡ್ರಿಲ್. ಹಲಗೆಯ ಕೆಳಮೂಲೆಯಲ್ಲಿ 6 ಮಿಲಿಮೀಟರ್ ತೂತು ಕೊರೆದು ಕೆಳಗೊಂದು ಬಿಳಿ ಬಟ್ಟಲು ಇಡಿ. ತಿಳಿನೀರು ಬಂದರೆ ಒಣಗಿಸಿ ಮುಚ್ಚಬಹುದು. ಕಂದು ನೀರು ಬಂದರೆ ಒಳಗಿನ ಸ್ಟೀಲು ಕರಗುತ್ತಿದೆ. ಹಲಗೆಯನ್ನು ಸೀಳದೆ ಮುಂದಿನ ಮಾತಿಲ್ಲ.

ಶಾಫ್ಟಿನ ಲೋಹದ ಬಗ್ಗೆ ಎರಡು ಮಾತು. ಅಲ್ಯೂಮಿನಿಯಂ ಆದರೆ ದಪ್ಪಗಿರುತ್ತದೆ, ಬೇರಿಂಗ್ ಕೂರುವಲ್ಲಿ ಬಿಳಿ ಪುಡಿ ಕಾಣುತ್ತಿದ್ದರೆ ಸವೆಯುತ್ತಿದೆ. ತಾಮ್ರ ಬೆರೆಸಿದ ಅಡಿಬಣ್ಣ ಅದರ ಶತ್ರು. ಕಾರ್ಬನ್ ಹಗುರ, ತುಕ್ಕು ಹಿಡಿಯುವುದಿಲ್ಲ. ಆದರೆ 1979ರ ಫಾಸ್ಟ್‌ನೆಟ್ ರೇಸಿನ ಬಿರುಗಾಳಿಯಲ್ಲಿ ಹಲವು ದೋಣಿಗಳ ಕಾರ್ಬನ್ ಚುಕ್ಕಾಣಿಗಳೇ ಮುರಿದವು. ಈಗಿನವು ಬಹಳ ಸುಧಾರಿಸಿವೆ ನಿಜ. ಆದರೂ ಪೆಟ್ಟು ತಿಂದ ಕಾರ್ಬನ್ ಒಳಗೇ ಬಿರುಕು ಬಚ್ಚಿಟ್ಟುಕೊಳ್ಳುತ್ತದೆ, ಇಲ್ಲಿ ಅದನ್ನು ರಿಪೇರಿ ಮಾಡುವವರು ಸಿಗುವುದು ಕಷ್ಟ. ಹಳೆ ದೋಣಿಗೆ ನನ್ನ ಮತ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೆ.

ನೀರಲ್ಲಿ ನೋಡುವುದಾ, ದಡಕ್ಕೆ ಎಳೆದು ನೋಡುವುದಾ?

ದಡಕ್ಕೆ ಎಳೆಸುವ ಖರ್ಚು ಉಳಿಸಲು ಕೆಲವರು ಮುಳುಗುಗಾರರನ್ನು ಇಳಿಸಿ ನೋಡಿಸುತ್ತಾರೆ. ಬಲೆ ಸುತ್ತಿದೆಯಾ, ಹಲಗೆ ಒಡೆದಿದೆಯಾ ಅಂತ ಅವರು ಹೇಳಬಲ್ಲರು. ವೆಲ್ಡ್ ಬಗ್ಗೆ ಏನೂ ಹೇಳಲಾರರು. ಹೊಳೆಯ ಕೆಂಪುನೀರಿನಲ್ಲಂತೂ ಕೈಯೇ ಕಾಣುವುದಿಲ್ಲ.

ನೀರಲ್ಲಿ ಇದ್ದಾಗಲೇ ತಿಳಿಯುವ ಸಂಗತಿಗಳು ಬೇರೆ ಇವೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಮಧ್ಯಾಹ್ನದ ಮೇಲೆ ಬೇಕಲದ ಹೊರಗೆ ಒಳ್ಳೆಯ ಕಡಲಗಾಳಿ ಏಳುತ್ತದೆ. ಆಗ ಹಾಯಿ ಪೂರ್ತಿ ಬಿಚ್ಚಿ, ದೋಣಿ ವಾಲುವಷ್ಟು ಓಡಿಸಿ. ಹಿಡಿಕೋಲಿಗೆ ಕೈಯಿಟ್ಟು ನಡುಕ ಬರುತ್ತದಾ ನೋಡಿ. ಕೆಳಗೆ ಇನ್ನೊಬ್ಬರು ಟಾರ್ಚ್ ಹಿಡಿದು ಶಾಫ್ಟಿನ ಬುಡ ನೋಡುತ್ತಿರಲಿ. ದೋಣಿಯ ತಳವೇ ಉಸಿರಾಡುತ್ತಿದ್ದರೆ, ನೀರು ಜಿನುಗುತ್ತಿದ್ದರೆ ಅವರಿಗೆ ಕಾಣುತ್ತದೆ.

ಚಕ್ರ ಇರುವ ದೋಣಿಯಲ್ಲಿ ಚುಕ್ಕಾಣಿ ಗಟ್ಟಿಯಿದ್ದು ಅದನ್ನು ತಿರುಗಿಸುವ ಏರ್ಪಾಡು ಕೈಕೊಡುವುದೂ ಉಂಟು. 2018ರಲ್ಲಿ ನೌಕಾಪಡೆಯ ಆರು ಮಂದಿ ಮಹಿಳೆಯರು ಭೂಮಿ ಸುತ್ತುತ್ತಿದ್ದಾಗ ಅವರ ಹಾಯಿದೋಣಿ ಐಎನ್‌ಎಸ್‌ವಿ ತಾರಿಣಿ ಸ್ಟಿಯರಿಂಗ್ ತೊಂದರೆಯಿಂದಲೇ ಯೋಜನೆಯಲ್ಲಿ ಇಲ್ಲದ ಮಾರಿಷಸ್‌ನಲ್ಲಿ ನಿಲ್ಲಬೇಕಾಯಿತು. ಕೇಬಲ್ಲಿನ ಉದ್ದಕ್ಕೂ ಹಳೆ ಬಟ್ಟೆ ಎಳೆಯಿರಿ. ಬಟ್ಟೆ ಸಿಕ್ಕಿಕೊಂಡ ಕಡೆ ಎಳೆ ಕಡಿದಿದೆ. ಬರಿಗೈ ಹಾಕಬೇಡಿ.

ದಡಕ್ಕೆ ಎಳೆಯಲು ಒಳ್ಳೆ ಸಮಯ ಯಾವುದು? ಕೇರಳದ 52 ದಿನಗಳ ಟ್ರಾಲಿಂಗ್ ನಿಷೇಧದ ಹೊತ್ತಿಗೆ, ಜೂನ್ 9ರ ಮಧ್ಯರಾತ್ರಿಯಿಂದ ಜುಲೈ ಕೊನೆಯವರೆಗೆ, ಬೋಟುಗಳೆಲ್ಲ ವಿಶ್ರಾಂತಿಯಲ್ಲಿರುತ್ತವೆ. ಫೈಬರ್ ಕೆಲಸದವರೂ ಆಗಲೇ ಸಿಗುತ್ತಾರೆ. ನೋಡುವುದಕ್ಕೆ ಆ ಸಮಯ ಸರಿ, ಒಣಗಿಸುವುದಕ್ಕೆ ಅಲ್ಲ. ವರ್ಷಕ್ಕೆ 3,500 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಜುಲೈ ತಿಂಗಳು ಫೋಮ್ ಒಣಗುತ್ತದೆ ಅಂದರೆ ಯಾರು ನಂಬುತ್ತಾರೆ? ಮಳೆಗಾಲದಲ್ಲಿ ತೂತು ಕೊರೆದು ನೀರು ಇಳಿಸಿ, ಮಾಡಿನಡಿ ಇಡಿ. ಮುಚ್ಚುವ ಕೆಲಸ ಬಿಸಿಲು ಬಂದ ಮೇಲೆ ಮಾಡಿ. ಹೇಗೂ ದ್ವೀಪಕ್ಕೆ ಹೊರಡುವ ಹವಾಮಾನ ಸಿಗುವುದು ಆಮೇಲೇ.

ತೇಪೆಯೋ, ಸೀಳುವುದೋ, ಹೊಸತೋ?

ತಿಳಿನೀರು ಬಂದ, ವೆಲ್ಡ್ ಗಟ್ಟಿಯಿರುವ ಚುಕ್ಕಾಣಿಗೆ ಒಣಗಿಸಿ ಎಪಾಕ್ಸಿ ಅಂಟಿನಲ್ಲಿ ಮುಚ್ಚುವುದು ಸಾಕು. ಮೀನುಗಾರಿಕೆ ದೋಣಿಗಳ ಫೈಬರ್ ಕೆಲಸದವರ ಕೈ ಚುರುಕು, ಆದರೆ ಅವರ ಬಳಿ ಇರುವುದು ಸಾಮಾನ್ಯವಾಗಿ ಪಾಲಿಯೆಸ್ಟರ್ ರೆಸಿನ್. ಹಳೆ ಫೈಬರಿಗೂ ಸ್ಟೀಲಿಗೂ ಅದು ಎಪಾಕ್ಸಿಯಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಎಪಾಕ್ಸಿ ನೀವೇ ತಂದುಕೊಡಿ.

ಕಂದು ನೀರು ಬಂದರೆ ಒಂದು ಬದಿಯ ಚಿಪ್ಪನ್ನು ಕತ್ತರಿಸಿ ತೆಗೆದು, ಪಟ್ಟಿಗಳನ್ನು ಕಣ್ಣಾರೆ ನೋಡಿ, ವೆಲ್ಡಿಗೆ ಬಣ್ಣದ ದ್ರಾವಣ ಹಚ್ಚಿ ಬಿರುಕು ಪರೀಕ್ಷೆ ಮಾಡಿಸಿ. ಪಟ್ಟಿ ಹೋಗಿ ಶಾಫ್ಟು ಚೆನ್ನಾಗಿದ್ದರೆ ಹೊಸ ಪಟ್ಟಿ ಹಾಕಿಸಿ ಹಲಗೆ ಮತ್ತೆ ಕಟ್ಟಬಹುದು. ಶಾಫ್ಟಿನಲ್ಲೇ ಗುಂಡಿ ಬಿದ್ದಿದ್ದರೆ ಹೊಸತೇ ಆಗಬೇಕು. ಆಗ ವರ್ಕ್‌ಶಾಪಿನಲ್ಲಿ 'ಎಸ್ಸೆಸ್' ಅಂತ ಮಾತ್ರ ಹೇಳಿ ಬರಬೇಡಿ. ಗೇಟಿಗೆ ಹಾಕುವ 202, ಪಾತ್ರೆಯ 304 ಎರಡೂ ಹೊಳೆಯುತ್ತವೆ. ಬೇಕಾದದ್ದು 316ಎಲ್. ಆಯಸ್ಕಾಂತ ಇಟ್ಟರೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಮಾಲಿಬ್ಡಿನಂ ಇದೆಯಾ ಅಂತ ಹೇಳುವ ಹನಿ ಪರೀಕ್ಷೆಯ ದ್ರಾವಣ ಸಿಗುತ್ತದೆ, ಅದನ್ನು ಹಾಕಿಯೇ ನೋಡಿ.

ಬೆನ್ನಿಗೆ ತೂಗಿದ ಚುಕ್ಕಾಣಿಯಾದರೆ ಈ ಇಡೀ ಅಧ್ಯಾಯ ಸರಳ. ಒಳ್ಳೆ ಮರೈನ್ ಪ್ಲೈವುಡ್, ಎಪಾಕ್ಸಿ, ಗ್ಲಾಸ್ ಬಟ್ಟೆ ಇದ್ದರೆ ಬಡಗಿಯೊಬ್ಬರ ಜೊತೆ ಕೂತು ಹೊಸ ಹಲಗೆಯನ್ನೇ ಮಾಡಿಕೊಳ್ಳಬಹುದು. 30 ಅಡಿಯ ಒಳಗಿನ ದೋಣಿಗೆ ನಾನು ಅದನ್ನೇ ಮೊದಲ ಆಯ್ಕೆ ಅನ್ನುವುದು ಇದಕ್ಕೇ. ಅದಕ್ಕಿಂತ ದೊಡ್ಡದಕ್ಕೆ ಪೂರ್ತಿ ಸ್ಕೆಗ್ ಅಥವಾ ಕೀಲ್‌ಗೆ ತಾಗಿಸಿದ್ದು. ಸ್ಪೇಡ್ ಇರುವ ದೋಣಿ ಬಾಕಿ ಎಲ್ಲದರಲ್ಲೂ ಚೆನ್ನಾಗಿದ್ದರೆ ಬಿಡಬೇಡಿ, ಆದರೆ ಚುಕ್ಕಾಣಿಯನ್ನು ಕೆಳಗಿಳಿಸಿ ಶಾಫ್ಟಿನ ಇಡೀ ಉದ್ದ ನೋಡದೆ ಹಣ ಕೊಡಬೇಡಿ. ಇಳಿಸಲು ದೋಣಿಯನ್ನು ಎತ್ತರಕ್ಕೆ ಎತ್ತಬೇಕು, ಇಲ್ಲವೇ ಅಡಿಯಲ್ಲಿ ಗುಂಡಿ ತೋಡಬೇಕು. ಮರಳಿನ ಊರಲ್ಲಿ ಗುಂಡಿಗೇನು ಬರ?

ಹೊರಟ ಮೇಲೆ ಮುರಿದರೆ

ತುರ್ತು ಹಿಡಿಕೋಲು ಪೆಟ್ಟಿಗೆಯಲ್ಲಿದೆ ಅನ್ನುವುದು ಸಾಲದು. ಅದನ್ನು ಶಾಫ್ಟಿನ ಚೌಕ ತಲೆಗೆ ಹಾಕಿ, ಇಂಜಿನ್ ಓಡುತ್ತಿರುವಾಗ ಒಂದು ಸುತ್ತು ದೋಣಿ ತಿರುಗಿಸಿ ನೋಡಿ. ಎಷ್ಟೋ ದೋಣಿಗಳಲ್ಲಿ ಅದು ಚಕ್ರಕ್ಕೇ ತಾಗುತ್ತದೆ, ಇಲ್ಲವೇ ಡೆಕ್ಕಿನ ಮುಚ್ಚಳ ಉಪ್ಪು ಹಿಡಿದು ತೆರೆಯುವುದೇ ಇಲ್ಲ.

ಹಲಗೆಯೇ ಹೋದರೆ ಹಿಡಿಕೋಲು ಏನೂ ಮಾಡದು. ಆಗ ಕೆಲಸಕ್ಕೆ ಬರುವುದು ಎರಡು. ಒಂದು ಡ್ರೋಗ್, ಅಂದರೆ ಹಗ್ಗ ಕಟ್ಟಿ ದೋಣಿಯ ಹಿಂದೆ ನೀರಿನಲ್ಲಿ ಎಳೆಯಲು ಬಿಡುವ, ದೋಣಿಯನ್ನು ಹಿಂದಕ್ಕೆ ಜಗ್ಗುವ ಸಣ್ಣ ಸಾಧನ. ಅದರ ಹಗ್ಗವನ್ನು ಎರಡು ಬದಿಗೆ ಕಟ್ಟಿ, ಬೇಕಾದ ಕಡೆ ಬಿಗಿ ಮಾಡಿದರೆ ದೋಣಿ ಆ ಕಡೆ ತಿರುಗುತ್ತದೆ. ನಿಧಾನ, ಆದರೆ ನಡೆಯುತ್ತದೆ. ಬೇಕಲದ ಹೊರಗೆ ಒಳ್ಳೆ ಹವೆಯಲ್ಲಿ ಒಮ್ಮೆ ಅಭ್ಯಾಸ ಮಾಡಿಕೊಳ್ಳಿ. ಇನ್ನೊಂದು ಗಾಳಿಚುಕ್ಕಾಣಿ, ಅಂದರೆ ಗಾಳಿಯ ದಿಕ್ಕು ಹಿಡಿದು ದೋಣಿಯನ್ನು ತಾನೇ ನಡೆಸುವ ಸಾಧನ. ಹೈಡ್ರೋವೇನ್ ಬಗೆಯದ್ದಕ್ಕೆ ತನ್ನದೇ ಹಲಗೆ ಇದೆ, ಮುಖ್ಯ ಚುಕ್ಕಾಣಿ ಹೋದರೂ ಅದು ದೋಣಿ ನಡೆಸುತ್ತದೆ. ಮಾನಿಟರ್ ಬಗೆಯದ್ದು ಮುಖ್ಯ ಚುಕ್ಕಾಣಿಯನ್ನೇ ಎಳೆಯುವಂಥದ್ದು, ಅದು ಹೋದರೆ ಇದೂ ಹೋಯಿತು. ಎರಡು ದೋಣಿಗಳ ಬೆಲೆ ಹತ್ತಿರ ಹತ್ತಿರ ಇದ್ದು, ಸ್ಪೇಡ್ ಇರುವುದಕ್ಕೆ ಹೈಡ್ರೋವೇನ್ ಜೊತೆಗೆ ಬರುತ್ತದೆ ಅಂದರೆ ನನ್ನ ಲೆಕ್ಕ ಬದಲಾಗುತ್ತದೆ. ಕೋಸ್ಟ್ ಗಾರ್ಡಿನ 1554 ಸಂಖ್ಯೆ ದಡದಲ್ಲಿ ಉಳಿದವರ ಫೋನಿನಲ್ಲಿರಲಿ. ಕಡಲಲ್ಲಿ ಇರುವವರಿಗೆ ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್. ದ್ವೀಪಕ್ಕೆ ಕಾಲಿಡಲು ಪರವಾನಗಿ ಮೊದಲೇ ಬೇಕು, ಚುಕ್ಕಾಣಿ ಕೆಟ್ಟು ತೇಲಿಕೊಂಡು ಬಂದೆ ಅನ್ನುವ ಕತೆಯನ್ನು ಅಲ್ಲಿನ ಕಚೇರಿಯಲ್ಲಿ ಹೇಳುವುದು ಸುಖದ ಕೆಲಸವಲ್ಲ.

ಇನ್ನು ಕರಾರು. ಮುಂಗಡ ಕೊಡುವಾಗ ಒಂದು ಸಾಲು ಬರೆಸಿಕೊಳ್ಳಿ: ಚುಕ್ಕಾಣಿ ಇಳಿಸುವ ಕೂಲಿ ಕೊಳ್ಳುವವರದ್ದು, ಒಳಗೆ ಕಂದು ನೀರೋ ಬಾಗಿದ ಶಾಫ್ಟೋ ಸಿಕ್ಕಿದರೆ ರಿಪೇರಿ ಖರ್ಚು ಬೆಲೆಯಲ್ಲಿ ಕಳೆಯಬೇಕು, ಇಲ್ಲದಿದ್ದರೆ ಮುಂಗಡ ವಾಪಸ್. ಇದಕ್ಕೆ ಒಪ್ಪದ ಮಾಲೀಕರು ಸಿಗುತ್ತಾರೆ. ಅವರಿಗೆ ಚಾ ಕುಡಿಸಿ, ಕೊಚ್ಚಿಯಲ್ಲೋ ಗೋವಾದಲ್ಲೋ ಇನ್ನೊಂದು ದೋಣಿ ನೋಡಲು ರೈಲು ಹತ್ತಿ.